ನಮ್ಮ ಬಟ್ಟೆ ವಿಮಾನದ ಫಜೀತಿಗಳು

ಹಳೇ ವಿಮಾನದ ಸಹವಾಸ ಮಾಡಿದವನು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ನಾನು ಎಂಬತ್ತರ ದಶಕದಲ್ಲಿ ನಿವೃತ್ತನಾಗಿ ನನ್ನೂರು ಸದಲಗಾಕ್ಕೆ ಬಂದೆ. ಅದೇ ಹೊತ್ತಿಗೆ ನಿಪ್ಪಾಣಿಯ ತಂಬಾಕು ಸಾವಕಾರರೊಬ್ಬರು ಎರಡನೇ ಮಹಾಯುದ್ಧದ ಕಾಲದ ತರಬೇತಿ ವಿಮಾನವೊಂದನ್ನು ಹರಾಜಿನಲ್ಲಿ ಹಿಡಿದು ತಂದಿದ್ದರು. ಎರಡು ಸೀಟು, ಕಟ್ಟಿಗೆಯ ಎಲುಬು, ಮೇಲೆ ಬಟ್ಟೆಯ ಹೊದಿಕೆ. ಭೋಜ ಎಂಬ ಹಳ್ಳಿಯಲ್ಲಿದ್ದ ಅವರ ಹೊಲದ ಶೆಡ್ಡಿನಲ್ಲಿ ನಾಲ್ಕು ವರ್ಷ ಅದನ್ನು ರಿಪೇರಿ ಮಾಡಿದೆ. ಮುಂಬಯಿಯಿಂದ ಬರುವ ಸರಕಾರಿ ಪರೀಕ್ಷಕರು ಸಹಿ ಹಾಕಿದರೆ ಹಾರಾಟ. ಇಲ್ಲವಾದರೆ ಮ್ಯೂಸಿಯಮ್ಮಿಗೆ ಹೋಗಿ ಧೂಳು ತಿನ್ನಬೇಕು. ಅದನ್ನು ನೆನೆಸಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಿಸೆ

ರೆಕ್ಕೆಗೆ ಹೊಸ ಬಟ್ಟೆ ಹೊಲಿಸಲು, ರೈತರ ಅಂಗಿ ಹೊಲಿಯುವ ನಿಪ್ಪಾಣಿಯ ಹಿರಿಯ ಟೇಲರರ ಬಳಿ ಹೋದೆ. ಅಳತೆ ಕೇಳಿ, "ಇಷ್ಟ ದೊಡ್ಡ ಮನಷ್ಯಾ ಯಾರ್ರೀ?" ಅಂದರು. ವಿಮಾನದ ಕತೆ ಹೇಳಿದೆ. ಎಂಟು ದಿನಕ್ಕೆ ಕೊಟ್ಟರು, ಹೊಲಿಗೆ ಕಣ್ಣಿಗೆ ಹಬ್ಬ. ತೊಡಿಸುವಾಗ ನೋಡುತ್ತೇನೆ, ಒಳಬದಿಯಲ್ಲಿ ಒಂದು ಕಿಸೆ! ಓಡಿ ಹೋಗಿ ಕೇಳಿದೆ.

"ಒಳಗ ಕಿಸೆ ಇಲ್ದ ನನ್ನ ಅಂಗಡ್ಯಾಗಿಂದ ಒಂದ ಅರಿವೀನೂ ಹೊರಗ ಹೋಗಿಲ್ರಿ. ಅಷ್ಟ ಮ್ಯಾಲ ಹೋದಾಂವಗ ತಂಬಾಕ ಬೇಕಾತಂದ್ರ?"

ಎಮ್ಮೆ

ಬಟ್ಟೆ ಬಿಗಿಯಾಗಲೆಂದು ವಾರ್ನಿಶಿನಂಥ ಲೇಪ ಬಳಿದು ಬಿಸಿಲಿಗೆ ಇಟ್ಟಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಹೊಲದ ಮುದುಕಿಯ ಎಮ್ಮೆ ಬಾಲದ ಬಟ್ಟೆಯನ್ನು ನೆಕ್ಕಿ ನೆಕ್ಕಿ ಅರ್ಧ ನುಂಗಿತ್ತು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತರೆ, ಮುದುಕಿ ಬಂದು ನನಗೇ ಬೈದಳು.

"ಹಾಲ ಹಿಂಡೂ ಎಮ್ಮಿ ಐತಿ ಲೇ! ನಿನ್ನ ಇಮಾನ ತಿಂದು ಏನರ ಆದ್ರ ಯಾಂವ ನೋಡಾಂವ?"

"ತಪ್ಪಾತು ಆಯಿ," ಎಂದು ಕೈಮುಗಿದೆ. ಮರುದಿನ ಬೆಳಿಗ್ಗೆ ಚೊಂಬಿನಲ್ಲಿ ಹಾಲು ಹಿಡಿದು ನಗುತ್ತಾ ಬಂದಳು.

"ಒಂದ ಶೇರ ಜಾಸ್ತಿ ಕೊಟ್ಟೈತಿ ತಮ್ಮಾ. ಆ ರೆಕ್ಕಿ ಸುಮ್ನ ಬಿದ್ದಿದ್ರ ಅದನ್ನೂ ಕೊಡು."

ಬ್ರೇಕು

ಪರೀಕ್ಷೆಯ ದಿನ ಭೋಜವಷ್ಟೇ ಅಲ್ಲ, ಸದಲಗಾ, ಚಿಕ್ಕೋಡಿಯ ಜನವೂ ಹೊಲದಲ್ಲಿ ನೆರೆದಿತ್ತು. ಹಾರಿಸಲು ಕೊಲ್ಲಾಪುರದಿಂದ ನಿವೃತ್ತ ಪೈಲಟ್ ಬಂದಿದ್ದರು. ಪರೀಕ್ಷಕರು ಮುಖ ಗಂಟು ಹಾಕಿಕೊಂಡು ಎಲ್ಲವನ್ನೂ ತಟ್ಟಿ ನೋಡಿ, "ಬ್ರೇಕ್ ಎಲ್ಲಿ?" ಅಂದರು. ಅದಕ್ಕೆ ಹುಟ್ಟಿನಿಂದಲೇ ಬ್ರೇಕಿಲ್ಲ. ಎಂಜಿನ್ನಿನ ಜೋರು ನೋಡುವಾಗ ಇಬ್ಬರು ಬಾಲ ಹಿಡಿದಿರಬೇಕು. ಅದಕ್ಕೆಂದೇ ಊರ ತಾಲೀಮಿನ, ಅಂದರೆ ಗರಡಿಮನೆಯ, ಇಬ್ಬರು ಪೈಲ್ವಾನರನ್ನು ಕರೆಸಿದ್ದೆ. "ನಾ ಕೈ ಇಳಿಸಿದ ಕೂಡ್ಲೇ ಬಿಡ್ರಿ," ಎಂದು ಮೂರು ಸಲ ಹೇಳಿದೆ.

ಎಂಜಿನ್ ಗರ್ಜಿಸಿತು. ಕೈ ಇಳಿಸಿದೆ. ಪೈಲ್ವಾನರು ಬಿಡಲಿಲ್ಲ. ಸುತ್ತ ಜನ ಶಿಳ್ಳೆ ಹೊಡೆಯುವಾಗ ಹಿಡಿತ ಸಡಿಲಿಸಿದರೆ ತಾಲೀಮಿನ ಮಾನ ಹೋದಂತೆ. "ಬಿಡ್ರಲೇ!" ಎಂದು ನಾನು, "ಬಿಡಬ್ಯಾಡ್ರೋ!" ಎಂದು ಇಡೀ ಊರು. ವಿಮಾನ ಇಬ್ಬರನ್ನೂ ಎಳೆದುಕೊಂಡೇ ಹೊರಟಿತು. ನಾಲ್ಕು ವರ್ಷದ ದುಡಿಮೆ ಮುರಿದುಬಿತ್ತೆಂದು ಕಣ್ಣು ಮುಚ್ಚಿದೆ. ತೆರೆದಾಗ ಪೈಲ್ವಾನರು ಮಣ್ಣಿಗೆ ಬೆನ್ನು ಹಚ್ಚಿ ಬಿದ್ದಿದ್ದರು, ವಿಮಾನ ತಂಬಾಕಿನ ಹೊಲಗಳ ಮೇಲೆ ಹಾರುತ್ತಿತ್ತು. ನಾನೂ ಸಾವಕಾರರೂ ತಬ್ಬಿಕೊಂಡು ಕುಣಿದೇ ಕುಣಿದೆವು.

ಅದು ಇಳಿದು ಎಂಜಿನ್ ನಿಂತ ಮೇಲೆ ಪೈಲ್ವಾನರು ಮಣ್ಣು ಕೊಡವಿಕೊಂಡು ಬಂದು, ಕುಸ್ತಿ ಗೆದ್ದವರಿಗೆ ಸುತ್ತುವ ಪಟಕಾವನ್ನು ವಿಮಾನದ ಮೂತಿಗೆ ಸುತ್ತಿದರು. "ನಿಕಾಲಿ ಕುಸ್ತಿ ಆತ್ರಿ, ನಮ್ಮ ಬೆನ್ನ ಮಣ್ಣಿಗೆ ಹತ್ತೇತಿ. ಮುಂದಿನ ವರ್ಷ ಮತ್ತ ಹಿಡೀತೀವಿ."

ಮುಂಜಾನೆಯಿಂದ ನಗದಿದ್ದ ಪರೀಕ್ಷಕರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಸಹಿ ಹಾಕಿದರು. ಕಾಗದ ಕೈಗೆ ಬಂದಾಗ ಓದಿದೆ. ಬ್ರೇಕಿನ ಖಾನೆಯಲ್ಲಿ ಹೀಗೆ ಬರೆದಿದ್ದರು: "ಎರಡು ಇವೆ. ಬಲು ಗಟ್ಟಿ. ಆದರೆ ಹೇಳಿದರೂ ಬಿಡುವುದಿಲ್ಲ."