ಎರಡಿಂಚು ಮೇಲಿನ ಸೊಂಟ

ಹೊಟ್ಟೆಕಿಚ್ಚು ಪಡಲು ಜನ ಸಾಮಾನ್ಯವಾಗಿ ತಮಗಿಂತ ದೊಡ್ಡ ಕೆಲಸದವರನ್ನೋ ದೊಡ್ಡ ಮನೆಯವರನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡದ್ದು ಹೊನ್ನಾಳಿಯ ಒಬ್ಬ ಲೇಡೀಸ್ ಟೈಲರನ್ನು. ಹೆಸರು ಹಾಲೇಶಪ್ಪ. ಅರವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅಸೂಯೆಪಡುವಂಥದ್ದು ಅವರಲ್ಲಿ ಒಂದೇ ಇತ್ತು: ನನ್ನ ಹೆಂಡತಿಯ ಸೊಂಟ ಎಲ್ಲಿದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಬಿಡಿಸಿ ಹೇಳದಿದ್ದರೆ ತಪ್ಪು ತಿಳಿದೀರಿ. ಗಿರಿಜಾಳದು ಡಮರುವಿನಂಥ ಮೈಕಟ್ಟು. ಆದರೆ ಆ ನಡು ಎಲ್ಲರಿಗಿಂತ ಎರಡಿಂಚು ಮೇಲಿದೆ. ಅಂಗಡಿಯಲ್ಲಿ ಸಿಗುವ ಚೂಡಿದಾರದ ಟಾಪು ಅವಳ ಸೊಂಟವನ್ನು ದಾಟಿಕೊಂಡು ಹೋಗಿ ಕೆಳಗೆಲ್ಲೋ ಬಿಗಿಯಾಗಿ ಕೂರುತ್ತದೆ. ಸೊಂಟದ ಹತ್ತಿರ ಚೀಲದ ಹಾಗೆ ಉಬ್ಬುತ್ತದೆ. ಒಮ್ಮೆ ಚನ್ನಗಿರಿಯ ಅಂಗಡಿಯೊಂದರಲ್ಲಿ ಅವಳು ಹನ್ನೊಂದು ಟಾಪು ಹಾಕಿ ನೋಡಿದಾಗ, "ಎಲ್ಲಾ ಚೆನ್ನಾಗೇ ಇದಾವಲ್ಲ" ಎಂದಿದ್ದೆ. ಹನ್ನೊಂದೋ ಏಳೋ, ವಿಶ್ವವಿದ್ಯಾಲಯದಲ್ಲಿ ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಕಲಿತ ಮೇಲೆ ನನ್ನ ನೆನಪನ್ನೂ ನಾನು ನಂಬುವುದಿಲ್ಲ. ಅವಳ ಉತ್ತರ ಮಾತ್ರ ಮರೆತಿಲ್ಲ: "ನಿಮಗೆ ಕಣ್ಣೇ ಇಲ್ಲ ಬಿಡ್ರಿ. ಹಾಲೇಶಣ್ಣ ಆಗಿದ್ರೆ ಬಾಗಿಲಲ್ಲೇ ನಿಂತು ಹೇಳ್ತಿದ್ದ."

ನಾವು ಹೊನ್ನಾಳಿ ಬಿಟ್ಟು ಜಗಳೂರಿಗೆ ಬಂದು ವರ್ಷಗಳಾದರೂ ಬಟ್ಟೆ ಹೊಲಿಸಲು ಅವಳು ಬಸ್ಸು ಬದಲಿಸಿಕೊಂಡು ಹೊನ್ನಾಳಿಗೇ ಹೋಗುತ್ತಾಳೆ. ಎಲ್ಲ ಟೈಲರುಗಳೂ ಅಳತೆಗೆಂದು ಒಂದು ಹಳೆಯ ಬಟ್ಟೆ ಕೇಳಿದರೆ, ಹಾಲೇಶಪ್ಪ ಅದನ್ನೂ ಕೇಳುವುದಿಲ್ಲವಂತೆ. ನನಗೋ, ಹೆಂಡತಿಯ ಚಪ್ಪಲಿ ಸೈಜೂ ಗೊತ್ತಿಲ್ಲ.

ಕಳೆದ ತಿಂಗಳು ಬಸವಾಪಟ್ಟಣದಲ್ಲಿರುವ ಅವಳ ಅಕ್ಕ ಚೂಡಿದಾರಕ್ಕೆಂದು ನೇರಳೆ ರೇಷ್ಮೆಯ ಬಟ್ಟೆ ಕಳಿಸಿ, ತಮ್ಮ ಮನೆಯ ಗೃಹಪ್ರವೇಶಕ್ಕೆ ಅದನ್ನೇ ಹೊಲಿಸಿ ಹಾಕಿಕೊಂಡು ಬರಬೇಕೆಂದು ಆಣೆ ಇಟ್ಟಳು. ಗಿರಿಜಾಗೆ ಶಾಲೆಯ ಪರೀಕ್ಷೆ ಕೆಲಸ, ಹೊನ್ನಾಳಿಗೆ ಹೋಗಲು ರಜೆಯಿಲ್ಲ. ನನಗೆ ಇದೇ ಬೇಕಿತ್ತು. "ಅಳತೆ ಬಟ್ಟೆ ಕೊಟ್ರೆ ಜಗಳೂರಿನ ಟೈಲರೂ ಹೊಲಿತಾರೆ. ನಾನು ಕೊಟ್ಟು ಬರ್ತೀನಿ" ಎಂದೆ.

"ಅಳತೆಗೆ ಯಾವುದು ಕೊಡಬೇಕು ಅಂತ ಗೊತ್ತೈತಾ?"

"ಗೊತ್ತಿಲ್ದೇನು!"

ಅವಳು ಶಾಲೆಗೆ ಹೋದ ಮೇಲೆ ಬೀರು ತೆಗೆದೆ. ಮೈಗೆ ಸರಿಯಾಗಿ ಕೂರುವುದು ನೀಲಿ ಟಾಪು ಎಂದು ಅವಳೇ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ನನ್ನ ನೆನಪು ಸ್ಪಷ್ಟವಾಗಿದ್ದಾಗಲೇ ನಾನು ಹೆದರಬೇಕಿತ್ತು.

ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಹೊಸ ಬಟ್ಟೆ ಹಾಕಿಕೊಂಡು ಅವಳು ಕನ್ನಡಿಯ ಮುಂದೆ ನಿಂತಳು. ಸೊಂಟದ ಹತ್ತಿರ ಚೀಲದ ಹಾಗೆ ಉಬ್ಬಿದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು.

"ರೀ, ಅಳತೆಗೆ ಯಾವುದು ಕೊಟ್ರಿ?"

"ನೀಲಿದು."

"ಅಯ್ಯೋ, ಅದು ಚನ್ನಗಿರೀಲಿ ತಂದಿದ್ದು ಕಣ್ರಿ! ಸರಿಯಾಗಿ ಕೂರಲ್ಲ ಅಂತ ಮನೆ ಒರೆಸಾಕೆ ಇಟ್ಕೊಂಡಿದ್ದೆ."

ನಾನು ಜಗಳೂರಿನ ಟೈಲರ್ ಹತ್ತಿರ ಓಡಿದೆ. ಆತ ಹೆಮ್ಮೆಯಿಂದಲೇ, "ಅಳತೆ ಬಟ್ಟೆ ಹೆಂಗೈತೋ ಹಂಗೇ ಹೊಲ್ದೀನಿ ಸರ್, ಒಂದು ಎಳೆ ಹೆಚ್ಚುಕಮ್ಮಿ ಇಲ್ಲ" ಎಂದ. ಗಿರಿಜಾ ಅಳಲಿಲ್ಲ. ಅಕ್ಕನಿಗೆ ಏನು ಹೇಳುವುದೆಂದು ಮಾತ್ರ ಕೇಳಿದಳು. ಅತ್ತಿದ್ದರೇ ಸುಲಭವಿತ್ತು.

ಮರುದಿನ ಅವಳಿಗೆ ಹೇಗೋ ರಜೆ ಸಿಕ್ಕಿತು, ಇಬ್ಬರೂ ಹೊನ್ನಾಳಿಗೆ ಹೋದೆವು. ಹಾಲೇಶಪ್ಪ ಟಾಪನ್ನು ಒಳಹೊರಗು ಮಾಡಿ ನೋಡಿದರು. "ಪುಣ್ಯಾತ್ಮ ಒಳಗೆ ಬಟ್ಟೆ ಬಿಟ್ಟಾನೆ. ಪಕ್ಕದ ಹೊಲಿಗೆ ಬಿಚ್ಚಿ ಸೊಂಟ ಎರಡಿಂಚು ಮೇಲಕ್ಕೆ ಹಿಡಿತೀನಿ. ಕುತ್ಕಳ್ರಿ ಗಿರಿಜಕ್ಕ."

ನನಗೆ ತಡೆಯಲಾಗಲಿಲ್ಲ. "ಇಷ್ಟೊಂದು ಜನರಲ್ಲಿ ಇವಳ ಅಳತೆ ನಿಮಗೆ ಹೆಂಗೆ ನೆನಪಿರುತ್ತೆ?" ಎಂದು ಪೊಲೀಸಿನವನ ಹಾಗೆ ಕೇಳಿದೆ.

"ನೆನಪೆಲ್ಲಿ ಬಂತು ಸರ್? ಬೆಳಿಗ್ಗೆ ತಿಂದಿದ್ದೇ ನೆನಪಿರಾಕಿಲ್ಲ" ಎನ್ನುತ್ತಾ ಅಳತೆ ಪುಸ್ತಕ ತೆಗೆದು, ಅದರೊಳಗೆ ಪಿನ್ನು ಚುಚ್ಚಿದ್ದ ಹಳದಿಗಟ್ಟಿದ ಚೀಟಿಯೊಂದನ್ನು ಮುಂದಿಟ್ಟರು. "ಮದುವೆ ಆದ ಹೊಸದ್ರಾಗೆ ನೀವೇ ತಂದು ಕೊಟ್ಟಿದ್ರಿ. ಎರಡು ಸಲ ಓದಿಸಿದ್ರಿ ಬೇರೆ. ಅಗಲ ಹೆಚ್ಚುಕಮ್ಮಿ ಆದ್ರೂ ಸೊಂಟದ ಜಾಗ ಬದಲಾಗಲ್ಲ ನೋಡ್ರಿ."

ಚೀಟಿಯಲ್ಲಿತ್ತು: "ಸೊಂಟ ಎಲ್ಲರಂತಲ್ಲ, ಎರಡಿಂಚು ಮೇಲೆ. ಮರೆಯಬೇಡಿ. ಅವಳು ನಾಚಿಕೆಗೆ ಹೇಳುವುದಿಲ್ಲ."

ಅಕ್ಷರ ನನ್ನದೇ, ಅನುಮಾನವಿಲ್ಲ. ಬರೆದ ನೆನಪು ಮಾತ್ರ ಸುತರಾಂ ಇಲ್ಲ. ಗಿರಿಜಾ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದಳು, ಇನ್ನೊಮ್ಮೆ ಓದಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಬರೆದವನು ಇವನೇ ಹೌದೋ ಅಲ್ಲವೋ ಎನ್ನುವಂತೆ.

ಗೃಹಪ್ರವೇಶದಲ್ಲಿ ಅವಳ ಅಕ್ಕ, "ಎಷ್ಟು ಚೆನ್ನಾಗಿ ಕುಂತೈತೆ! ಯಾರೇ ಅಳತೆ ತಗೊಂಡಿದ್ದು?" ಎಂದಳು. "ಹೊನ್ನಾಳೀಲಿ ಒಬ್ಬ ಹುಡುಗ ಇದ್ದ ಕಣಕ್ಕ, ಮದುವೆ ಆದ ಹೊಸದ್ರಾಗೆ" ಎಂದು ಗಿರಿಜಾ ನಕ್ಕಳು. ಅಂಥ ನಗು ನೋಡಿ ನನಗೆ ಎಷ್ಟೋ ಕಾಲವಾಗಿತ್ತು.

ಹಾಲೇಶಪ್ಪನವರ ಮೇಲಿದ್ದ ಹೊಟ್ಟೆಕಿಚ್ಚು ಅಂದೇ ಆರಿತು. ಈಗ ಉರಿಯುತ್ತಿರುವುದು ಆ ಹುಡುಗನ ಮೇಲೆ. ಅವನಿಗೆ ಸಮನಾಗಬೇಕೆಂದು ಮೊನ್ನೆ ಗಿರಿಜಾಳ ಚಪ್ಪಲಿ ತಿರುಗಿಸಿ ಸೈಜು ನೋಡಿ, ಚೀಟಿಯಲ್ಲಿ ಬರೆದು ಜೋಪಾನವಾಗಿ ಇಟ್ಟೆ. ಎಲ್ಲಿಟ್ಟೆ ಎಂಬುದು ನೆನಪಾಗುತ್ತಿಲ್ಲ.