ಅಳಿಯ ತಂದ ದೇವರ ಕ್ಯಾಸೆಟ್ಟು

ಇಂಗ್ಲಿಷ್ ಬಲ್ಲವನು, ಮನುಷ್ಯರನ್ನು ಅಳೆಯಬಲ್ಲವನು, ದೆವ್ವಕ್ಕೆ ಹೆದರದವನು. ಮಾವನ ಮನೆಯಲ್ಲಿ ನನಗೆ ಈ ಮೂರು ಬಿರುದುಗಳಿದ್ದವು. ಮೂರನ್ನೂ ನಾನೇ ಕೊಟ್ಟುಕೊಂಡಿದ್ದೆ. ತೊಂಬತ್ತರ ದಶಕದ ಒಂದು ಭಾನುವಾರ ಮಧ್ಯಾಹ್ನ, ಕ್ಯಾತನಹಳ್ಳಿಯಲ್ಲಿ, ಒಂದೇ ಪಿಚ್ಚರಿನ ಅವಧಿಯಲ್ಲಿ ಮೂರನ್ನೂ ಕಳೆದುಕೊಂಡೆ!

ಆಗ ನಾನು ಕೆ.ಆರ್.ಎಸ್.ನಲ್ಲಿ ಗುಮಾಸ್ತ. ಅಣೆಕಟ್ಟು ನೋಡಲು ಬಂದ ಪರದೇಶದವರಿಗೆ ‘ದಿಸ್ ವೇ, ದಟ್ ವೇ’ ಎಂದು ಕೈ ತೋರಿಸಿ ತೋರಿಸಿ ನನ್ನ ಇಂಗ್ಲಿಷ್ ಗಟ್ಟಿಯಾಗಿತ್ತು. ನಾದಿನಿ ಶೋಭಾಳಿಗೆ ನಾಗಮಂಗಲದ ಸಂಬಂಧ ತಂದವನೂ ನಾನೇ. ಹುಡುಗ ಅಪರಂಜಿ, ಬೇರೆ ವಿಚಾರಣೆಯೇ ಬೇಡ ಎಂದು ಮಾವನಿಗೆ ಭರವಸೆ ಕೊಟ್ಟಿದ್ದೆ. ಮಾವ ನಂಬಿದ್ದರು. ಆ ಭಾನುವಾರದ ಮಾರನೆಯ ದಿನ ಹುಡುಗನ ಕಡೆಯವರು ತಾಂಬೂಲ ಬದಲಾಯಿಸಿಕೊಳ್ಳಲು ಬರುವವರಿದ್ದರು. ಶೋಭಾ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬಿ.ಎ. ಓದಿದ ಹುಡುಗಿ, ನಾಚಿಕೆ ಇರಬೇಕು ಎಂದುಕೊಂಡೆವು.

ಶುಭಕಾರ್ಯಕ್ಕೆ ಮುಂಚೆ ಮನೆಯಲ್ಲಿ ಒಂದು ದೇವರ ಪಿಚ್ಚರ್ ಹಾಕಿಸು ಎಂದು ನನ್ನ ಹೆಂಡತಿಯ ಅಜ್ಜಿ ನಿಂಗಮ್ಮ ಕೇಳಿಕೊಂಡರು. ಪಾಂಡವಪುರಕ್ಕೆ ಹೋಗಿ ಟಿ.ವಿ., ಕ್ಯಾಸೆಟ್ಟು ಹಾಕುವ ವಿ.ಸಿ.ಪಿ. ಬಾಡಿಗೆಗೆ ಗೊತ್ತು ಮಾಡಿದೆ. ನಮ್ಮ ದೇವರುಗಳ ಕ್ಯಾಸೆಟ್ಟೆಲ್ಲ ಬೇರೆ ಊರುಗಳಿಗೆ ಹೋಗಿದ್ದವು. ಮೂಲೆಯಲ್ಲಿ ಒಂದು ಉಳಿದಿತ್ತು. ಕವರಿನ ಮೇಲೆ ದೊಡ್ಡ ಶಿಲುಬೆ, ಬೈಬಲ್ ಹಿಡಿದ ಪಾದ್ರಿ, ಅವರ ಹಿಂದೆ ದಿವ್ಯವಾದ ಬೆಳಕು. ಅಂಗಡಿಯವನು “ಸಾರ್, ಅದು...” ಎಂದು ಬಾಯಿ ತೆರೆದ. “ನಂಗೊತ್ತು ಬುಡಪ್ಪ” ಎಂದೆ.

ಏಸುವಾದರೇನು, ಈಶ್ವರನಾದರೇನು, ದೇವರು ದೇವರೇ ಎಂದು ಅಜ್ಜಿ ಒಪ್ಪಿಕೊಂಡರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟರು. ಟಿ.ವಿ.ಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದೆವು. ಪರದೆ ಚೆನ್ನಾಗಿ ಕಾಣಲೆಂದು ಕಿಟಕಿಗೆ ಕಂಬಳಿ ಕಟ್ಟಿದೆವು. ಅಕ್ಕಪಕ್ಕದ ಮನೆಯವರೂ ಬಂದು ಕೂತರು. ಪಿಚ್ಚರ್ ಇಂಗ್ಲಿಷಿನದಾದ್ದರಿಂದ ನಾನು ಕುರ್ಚಿ ಹಾಕಿಕೊಂಡು ಅರ್ಥ ಹೇಳಲು ಅಣಿಯಾದೆ.

ಮೊದಲರ್ಧ ಗಂಟೆ ಚರ್ಚು, ಗಂಟೆ, ಮೇಣದ ಬತ್ತಿ. ಅಜ್ಜಿ ಕೈ ಮುಗಿದವರು ಇಳಿಸಲಿಲ್ಲ. ಪಾದ್ರಿಗಳು ಊರು ಉದ್ಧಾರ ಮಾಡಲು ಬಂದಿದ್ದಾರೆ ಎಂದು ನಾನು ವಿವರಿಸಿದೆ. ಆಮೇಲೆ ಬಿಳಿ ಅಂಗಿಯ ಒಬ್ಬ ಹುಡುಗಿ ಕೂದಲು ಕೆದರಿಕೊಂಡು, ಕಣ್ಣು ಮೇಲಕ್ಕೆ ತಿರುಗಿಸಿ, ಮಂಚ ಅಲ್ಲಾಡಿಸತೊಡಗಿದಳು. ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ. ಆದರೆ ಅರ್ಥ ಹೇಳುವವನು ಮಧ್ಯದಲ್ಲಿ ನಿಲ್ಲಿಸಲಾದೀತೆ? ಹುಡುಗಿಗೆ ಭಕ್ತಿ ಸ್ವಲ್ಪ ಜಾಸ್ತಿಯಾಗಿದೆ ಎಂದೆ.

“ಭಕ್ತಿ ಅಲ್ಲ ಕಣಪ್ಪ, ಮೈಮ್ಯಾಲೆ ದೇವ್ರು ಬಂದದೆ” ಎಂದರು ಅಜ್ಜಿ.

ಮೈಮೇಲೆ ದೇವರು ಬಂದರೆ ಏನು ಮಾಡಬೇಕೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಿ ಎದ್ದು ಟಿ.ವಿ. ಮುಂದೆ ಎಲೆ ಅಡಿಕೆ ಇಟ್ಟರು. “ತಾಯೀ, ನಾಗಮಂಗಲದ ಸಂಬಂಧ ಕೂಡ್ಬತ್ತದಾ? ಅಪ್ಪಣೆ ಕೊಡವ್ವ” ಎಂದು ಕೇಳಿದರು.

ಅದೇ ಗಳಿಗೆಯಲ್ಲಿ ಪಾದ್ರಿ ನೀರು ಚಿಮುಕಿಸಿದರು. ಹುಡುಗಿ ಮನೆ ನಡುಗುವಂತೆ “ನೋ” ಎಂದಳು. ಒಂದು ಸಲವಲ್ಲ, ನಾಲ್ಕು ಸಲ! ಶಾಲೆಯ ಮುಖ ನೋಡದವರಿಗೂ ಆ ಒಂದು ಇಂಗ್ಲಿಷ್ ಮಾತು ಗೊತ್ತಿತ್ತು. ಮಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ಪೂರ್ತಿ ವಾಕ್ಯ ಮುಗಿಯಲಿ ಮಾವ, ಆಮೇಲೆ ಹೇಳುತ್ತೇನೆ ಎಂದೆ.

“ಬಾವ, ಅದು ದೇವ್ರಲ್ಲ, ದೆವ್ವ” ಎಂದಳು ಶೋಭಾ. “ಆವಾಗ್ಲಿಂದ ಆ ಪಾದ್ರಿ ದೆವ್ವ ಬುಡುಸ್ತಾವ್ರೆ.”

ಸರಿಯಾಗಿ ಆಗಲೇ ಆ ಹುಡುಗಿ ಪರದೆಯಿಂದ ನೆಟ್ಟಗೆ ನನ್ನನ್ನೇ ನೋಡಿದಳು. ಇಷ್ಟು ಜನರಲ್ಲಿ ನನ್ನೊಬ್ಬನನ್ನೇ! ನಾನು ಕುರ್ಚಿಯಿಂದ ಹಾರಿ, ಕಿಟಕಿಯ ಕಂಬಳಿ ಹಿಡಿದು, ಅದರ ಸಮೇತ ಅಜ್ಜಿಯ ಕಾಲ ಬಳಿ ಬಿದ್ದೆ. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ಪರದೆಯ ಮೇಲಿನ ದೆವ್ವ ಮಸುಕಾಯಿತು. ನಾನು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕಂಡೆ.

ಯಾರೋ ಟಿ.ವಿ. ಆರಿಸಿದರು. ಶೋಭಾ ನಗಲಿಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ.

“ಕವರ್ ನೋಡಿ ದೇವ್ರ ಪಿಚ್ಚರ್ ಅಂದ್ರಿ ಬಾವ” ಎಂದಳು. “ಹುಡುಗನ್ನೂ ಅಂಗೇ ನೋಡಿದ್ರಾ?”

ಹುಡುಗನನ್ನು ಎಷ್ಟು ಸಲ ನೋಡಿದ್ದೀರಿ ಎಂದು ಮಾವ ಕೇಳಿದರು. ಕಂಬಳಿಯೊಳಗಿಂದಲೇ ಸತ್ಯ ಹೇಳಿದೆ. ಒಂದೇ ಸಲ, ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ, ಎದುರು ಮೇಜಿನಲ್ಲಿ. ಇಡ್ಲಿಯನ್ನು ಬಹಳ ಮರ್ಯಾದೆಯಿಂದ ತಿಂದಿದ್ದ. ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. ನನಗೆ ನಿಜವಾಗಿ ನಾಚಿಕೆಯಾಯಿತು. ಒಂದು ಪ್ಲೇಟ್ ಇಡ್ಲಿಯ ಆಧಾರದ ಮೇಲೆ ಒಂದು ಹೆಣ್ಣಿನ ಬಾಳು ತೀರ್ಮಾನಿಸಿಬಿಟ್ಟಿದ್ದೆನಲ್ಲ!

ನಾಳೆ ಬರಬೇಡಿ ಎಂದು ನಾಗಮಂಗಲಕ್ಕೆ ಹೇಳಿಕಳಿಸುವುದು, ಮಾವನೇ ಹೋಗಿ ವಿಚಾರಿಸುವುದು, ಶೋಭಾಳೂ ಹುಡುಗನ ಜೊತೆ ಮಾತಾಡಿ ನೋಡುವುದು ಎಂದಾಯಿತು. ಶೋಭಾ ಮೊದಲ ಸಲ ಬಾಯಿಬಿಟ್ಟು ಹೂಂ ಎಂದಳು.

ನನಗೆ ಉಳಿದ ಕೆಲಸ ಕ್ಯಾಸೆಟ್ಟನ್ನು ಕೂಡಲೇ ಅಂಗಡಿಗೆ ಮುಟ್ಟಿಸುವುದು. ಹೊರಗೆ ನಾಲ್ಕು ಗಂಟೆಯ ಸುಡುಬಿಸಿಲು, ರಸ್ತೆ ತುಂಬ ಕಬ್ಬಿನ ಗಾಡಿಗಳು. ಆದರೂ ಒಬ್ಬನೇ ಹೋಗಲು ಕಾಲು ಬರಲಿಲ್ಲ. ಕೊನೆಗೆ ಎಂಬತ್ತು ವರ್ಷದ ಅಜ್ಜಿ ಕ್ಯಾಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತರು. “ಎದ್ರುಕೋಬ್ಯಾಡ ತುಳಿಯಪ್ಪ, ಇಂದ್ಗಡೆ ನಾನಿವ್ನಿ” ಎಂದು ದಾರಿಯುದ್ದಕ್ಕೂ ಬೆನ್ನು ತಟ್ಟಿದರು.

ಪಿಚ್ಚರ್ ಹೇಗಿತ್ತು ಸಾರ್ ಎಂದು ಅಂಗಡಿಯವನು ಕೇಳಿದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ ಕ್ಯಾಸೆಟ್ಟು ಚಾಚಿದರು.

“ಪಿಚ್ಚರ್ ಚಂದಾಗದೆ ಕಣಪ್ಪ. ಅರ್ಥ ಏಳೋಕೆ ಮಾತ್ರ ಬ್ಯಾರೆಯೋರ್ನ ಕೊಡು.”