ಮನೆಯಳಿಯನ ಹುಳಿ ಪೀಪಾಯಿ

ಬಿಯರ್ ಎಂದರೆ ಏನೆಂದು ಈ ಊರಿಗೆ ನಾನು ಕಲಿಸಿಯೇ ತೀರುತ್ತೇನೆ! ಈ ಭೀಷ್ಮ ಪ್ರತಿಜ್ಞೆಯನ್ನು ನಾನು ಮಾಡಿದ್ದು ಊಟದ ಮೇಜಿನ ಮುಂದೆ, ಎದ್ದು ನಿಂತು, ಚಮಚವನ್ನು ಕತ್ತಿಯಂತೆ ಮೇಲೆತ್ತಿ. ನಮ್ಮೂರಿನವರು ಶತಮಾನಗಳಿಂದ ಬಿಯರ್ ಕಾಯಿಸುತ್ತಲೇ ಇದ್ದಾರೆ ಎಂಬ ಸಣ್ಣ ಸಂಗತಿ ನನ್ನ ಉತ್ಸಾಹಕ್ಕೆ ಅಡ್ಡ ಬರಲಿಲ್ಲ.

"ಕೂತ್ಕೊಂಡು ಕಲಿಸು, ಸೂಪು ಆರ್ತಾ ಇದೆ," ಎಂದಳು ನನ್ನ ಹೆಂಡತಿ ಆಫ್ರಾ.

ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಯಳಿಯ. ಹೆಸರು ವೆಂಡೆಲಿನ್, ಕಸುಬು ಡ್ರೈವಿಂಗ್ ಕಲಿಸುವುದು. ಬಿಯರ್ ಕಾಯಿಸುವ ಹಕ್ಕು ನನ್ನದಲ್ಲ, ನಮ್ಮತ್ತೆ ವಾಲ್ಬುರ್ಗಾ ಅವರ ಮನೆತನದ್ದು. ಬೊಹೆಮಿಯಾ ಗಡಿಯ ಕಾಡಿನ ಪಕ್ಕದ ನಮ್ಮೂರಲ್ಲಿ ಆ ಹಕ್ಕು ಕೆಲವೇ ಮನೆಗಳಿಗೆ ಉಂಟು. ಎಲ್ಲರಿಗೂ ಸೇರಿ ಒಂದೇ ಭಟ್ಟಿ. ಅಲ್ಲಿ ಕಟ್ಟಿಗೆ ಒಲೆಯ ಮೇಲೆ ಕಾಯಿಸಿ, ಟ್ರ್ಯಾಕ್ಟರಿನಲ್ಲಿ ಮನೆಗೆ ತಂದು, ನೆಲಮಾಳಿಗೆಯಲ್ಲಿ ಹುದುಗಿಸಿ, ತಮ್ಮ ಪಾಳಿ ಬಂದಾಗ ಬೀದಿಗೆ ಚಾಚಿದ ಕೋಲಿಗೆ ಮರದ ನಕ್ಷತ್ರವೊಂದನ್ನು ನೇತುಹಾಕುತ್ತಾರೆ. ನಕ್ಷತ್ರ ಹೊರಬಿತ್ತೋ, ಆ ಮನೆಯ ನಡುಮನೆ ಊರವರದು! ಯಾರೂ ಬಾಗಿಲು ತಟ್ಟುವುದಿಲ್ಲ. ಜಾಗ ಕಂಡಲ್ಲಿ ಕೂರುತ್ತಾರೆ, ಕುಡಿಯುತ್ತಾರೆ, ತಿನ್ನುತ್ತಾರೆ. ನಕ್ಷತ್ರ ಇರುವಷ್ಟು ಹೊತ್ತು ಬಂದವರನ್ನು ಹೋಗಿ ಎನ್ನುವಂತಿಲ್ಲ. ಯಾವುದೋ ಕಾಲದಲ್ಲಿ ಒಂದು ಮನೆಯವರು ಜನ ಕೂತಿರುವಾಗಲೇ ನಕ್ಷತ್ರ ಇಳಿಸಿದರಂತೆ. ಅವರ ಮರಿಮೊಮ್ಮಗಳ ಮದುವೆಯಲ್ಲೂ ಊರವರು ಅವರನ್ನು 'ನಕ್ಷತ್ರ ನುಂಗಿದವರು' ಎಂದೇ ಕರೆದರು.

ಇಂಥ ಊರಿನಲ್ಲಿದ್ದೂ ನನಗೆ ಹುಚ್ಚು ಹಿಡಿದದ್ದು ಹೊರಗಿನ ಬಿಯರಿನದು. ನ್ಯೂರ್ನ್‌ಬರ್ಗ್ ನಗರದ ಬಿಯರ್ ರುಚಿ ಸಂಘಕ್ಕೆ ಸೇರಿದೆ. ಅದರ ಅಧ್ಯಕ್ಷರು ಹಲ್ಲಿನ ಡಾಕ್ಟರ್ ಹಾರ್ಟ್‌ವಿಗ್. ಅವರು ಬಿಯರನ್ನು ಕುಡಿಯುವುದಿಲ್ಲ, ವಿಚಾರಣೆ ಮಾಡುತ್ತಾರೆ! ಕೆಮ್ಮಿನ ಔಷಧಿ ಅಳೆಯುವಂಥ ಲೋಟದಲ್ಲಿ ತೊಟ್ಟು ಬಿಟ್ಟುಕೊಂಡು, ತಿರುಗಿಸಿ, ಮೂಸಿ, ಒಂದು ಕಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ. ಪ್ರತಿ ಶನಿವಾರ ಒಂದೊಂದು ಭಟ್ಟಿಗೆ ನಮ್ಮ ದಂಡಯಾತ್ರೆ. ಊರಿಗೆಲ್ಲ ಡ್ರೈವಿಂಗ್ ಕಲಿಸುವ ನಾನು ತೂರಾಡುತ್ತಾ ಬಸ್ಸಿನಿಂದ ಇಳಿಯುವುದನ್ನು ನನ್ನ ವಿದ್ಯಾರ್ಥಿಗಳು ಗೌರವದಿಂದ ನೋಡುತ್ತಿದ್ದರು.

"ಇವತ್ತೇನು ಕುಡಿದೆ?" ಎಂದು ಆಫ್ರಾ ಕೇಳುವಳು.

"ಅದ್ಭುತ! ಒದ್ದೆಯಾದ ಕುದುರೆ ಕಂಬಳಿಯ ಪರಿಮಳ ಇತ್ತು!"

"ಅದಕ್ಕೆ ಬಸ್ ಹತ್ತಬೇಕಿತ್ತಾ? ಸೆಬಾಲ್ಡನ ಲಾಯಕ್ಕೆ ಹೋಗಿ ಮೂಸಿದ್ರೆ ಆಗ್ತಿರಲಿಲ್ವಾ?"

ಸೆಬಾಲ್ಡ್ ಎಂದರೆ ಚರ್ಚಿನ ಹಿಂದಿನ ಓಣಿಯವನು. ಅವನದೂ ಹಕ್ಕಿನ ಮನೆ. ಅವನ ಬಿಯರ್ ಚೆನ್ನಾಗಿರುತ್ತದೆ ಎಂದು ಊರೆಲ್ಲ ಹೇಳುವುದರಿಂದ ನನಗೆ ಅವನನ್ನು ಕಂಡರೆ ಆಗುವುದಿಲ್ಲ.

ಸಂಘದ ಜೊತೆ ಬೆಲ್ಜಿಯಮ್ಮಿಗೆ ಹೋದಾಗ ನನಗೆ ಜ್ಞಾನೋದಯವಾಯಿತು. ಅಲ್ಲಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿಸಿದ ಹುಳಿ ಬಿಯರ್ ಕುಡಿದೆ. ಮೈ ಜುಂ ಎಂದಿತು! ಮನೆಗೆ ಬಂದವನೇ ನಮ್ಮ ಪಾಳಿಗೆಂದು ಭಟ್ಟಿಯಲ್ಲಿ ಕಾಯಿಸಿ ತಂದ, ಇನ್ನೂ ಹುದುಗದ ಕಷಾಯದಲ್ಲಿ ಒಂದಿಷ್ಟು ಎತ್ತಿಟ್ಟು, ಓಕ್ ಮರದ ಪುಟ್ಟ ಪೀಪಾಯಿಗೆ ಸುರಿದು, ಹುಳಿ ಚೆರ್ರಿ ಹಣ್ಣು ಹಾಕಿ, ನೆಲಮಾಳಿಗೆಯಲ್ಲಿ ಆಲೂಗಡ್ಡೆ ರಾಶಿಯ ಹಿಂದೆ ಮಲಗಿಸಿದೆ. ಹಸುಗೂಸಿನಂತೆ ನೋಡಿಕೊಂಡೆ. ಒಂದು ವರ್ಷ ತುಂಬಿದ ಮೇಲೆ ಅತ್ತೆಗೆ ಒಂದು ಗುಟುಕು ಕೊಟ್ಟೆ. ಅವರು ಬಾಯಿಗಿಟ್ಟು, ಕಿಟಕಿ ತೆರೆದು, ಗುಲಾಬಿ ಗಿಡದ ಬುಡಕ್ಕೆ ಉಗಿದರು.

"ಹುಳಿ ಬಂದ ಬಿಯರನ್ನ ನಮ್ಮಮ್ಮ ಹಂದಿಗೆ ಹಾಕ್ತಿದ್ದಳು ಕಣೋ!"

"ಅತ್ತೆ, ಇದು ತಾನಾಗಿ ಹುಳಿ ಬಂದದ್ದಲ್ಲ, ನಾನು ಕಷ್ಟಪಟ್ಟು ಬರಿಸಿದ್ದು!"

"ಹಂದಿಗೂ ಹಾಕೋ ಹಾಗಿಲ್ಲ ಬಿಡು. ಪಾಪ."

ನನಗೆ ರೇಗಿತು. "ನಮ್ಮ ಮುಂದಿನ ಪಾಳಿಯಲ್ಲಿ ಒಂದು ದಿನ, ಒಂದೇ ದಿನ, ನನಗೆ ಬಿಟ್ಟುಕೊಡಿ. ಭಾನುವಾರ ನಾನು ಇದನ್ನೇ ಹಂಚ್ತೀನಿ. ಜನ ಹೇಳಲಿ!"

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಆಯ್ತು. ಅದಕ್ಕೆ ಮೊದಲು ಯಾರಾದ್ರೂ ಒಬ್ಬ ಇದರ ರುಚಿ ನೋಡಿ, ನಾವು ಕೇಳದೆ ತಾನಾಗೇ, 'ಇನ್ನೂ ಸ್ವಲ್ಪ ಹಾಕಿ' ಅನ್ನಲಿ. ಭಾನುವಾರ ನಿಂದೇ. ಯಾರೂ ಅನ್ನಲಿಲ್ವೋ, ಆ ಪೀಪಾಯಿ ಒಡೆದು ಒಲೆಗೆ. ನಾನು ಕೊಟ್ಟ ಮಾತು ತಪ್ಪೋಳಲ್ಲ."

ಒಲೆಗೆ! ನನ್ನ ಕೂಸು! ನಾನು ಆಗಲೇ ಫೋನ್ ಎತ್ತಿ ಡಾಕ್ಟರ್ ಹಾರ್ಟ್‌ವಿಗ್ ಅವರನ್ನು ಸಂಘ ಸಮೇತ ಕರೆದೆ.

ನಾನು ಆರಿಸಿಕೊಂಡದ್ದು ಅತ್ತೆ ತಮ್ಮ ತಂಗಿಯ ಊರಿಗೆ ಹೋಗಲಿದ್ದ ಶನಿವಾರ. ಆಫ್ರಾಗೆ ಸಂಜೆಯವರೆಗೆ ಬೇಕರಿಯಲ್ಲಿ ಕೆಲಸ. ಆ ವಾರದ ಪಾಳಿ ಸೆಬಾಲ್ಡನದು. ಅವನ ನಕ್ಷತ್ರ ಚರ್ಚಿನ ಹಿಂದೆ ತೂಗಾಡುತ್ತಿತ್ತು. ನಮ್ಮ ಮನೆ ಖಾಲಿ, ನಿಶ್ಶಬ್ದ. ಸಂಘದವರು ಬಂದರು, ಕೈ ಕುಲುಕಿದರು. ಡಾಕ್ಟರು ನಮ್ಮ ಬೋಳು ಕೋಲನ್ನು ನೋಡಿ, "ಆ ನಿಮ್ಮ ನಕ್ಷತ್ರ ಎಲ್ಲಿ? ಒಂದು ಫೋಟೋ ತೆಗೀಬಹುದಾ?" ಎಂದರು.

ನಕ್ಷತ್ರ ಅಟ್ಟದಲ್ಲಿ, ಅತ್ತೆಯ ಮದುವೆಯ ಹಾಸಿಗೆ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಅತ್ತೆ ಇದ್ದಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ಅತ್ತೆ ಇರಲಿಲ್ಲ! ನಾನೇನು ಈ ಮನೆಯವನಲ್ಲವೇ? ದಿನಾ ಬೆಳಿಗ್ಗೆ ಈ ಮನೆಯ ಕಸದ ಬುಟ್ಟಿ ಹೊರಗಿಡುವವನಿಗೆ ಒಂದು ನಕ್ಷತ್ರ ಹೊರಗಿಡುವ ಅಧಿಕಾರ ಇಲ್ಲವೇ? ಏಣಿ ಹತ್ತಿ ನೇತುಹಾಕಿಯೇಬಿಟ್ಟೆ. ಅದರ ಕೆಳಗೆ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡೆ. ಆಮೇಲೆ, ಪೀಪಾಯಿ ತೆರೆಯುವ ಸಡಗರದಲ್ಲಿ ಎಲ್ಲರನ್ನೂ ನೆಲಮಾಳಿಗೆಗೆ ಕರೆದುಕೊಂಡು ಹೋದೆ. ನಕ್ಷತ್ರ ಅಲ್ಲೇ ಉಳಿಯಿತು.

ಕೆಳಗೆ ಡಾಕ್ಟರು ಲೋಟ ತಿರುಗಿಸಿದರು. ಮೂಸಿದರು. ಒಂದು ಕಣ್ಣು ಮುಚ್ಚಿದರು. ಒಂದು ಹನಿ ಬಾಯಿಗೆ ಹೋಯಿತು, ಇನ್ನೊಂದು ಕಣ್ಣೂ ಮುಚ್ಚಿತು.

"ಧೈರ್ಯ ಇದೆ," ಎಂದರು ಕೊನೆಗೆ.

"ಬಿಯರಿಗಾ?"

"ನಿಮಗೆ."

ಉಳಿದವರು ಗೋಡೆ ನೋಡಿದರು. ನಾನು ಜಗ್ಗು ಎತ್ತಿದ ಕೂಡಲೇ ಎಲ್ಲರೂ ತಂತಮ್ಮ ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡರು. ನಾನು ಎದೆಗುಂದಲಿಲ್ಲ. ಇವರ ನಾಲಿಗೆ ಇನ್ನೂ ಪಳಗಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ನೆತ್ತಿಯ ಮೇಲೆ ಕುರ್ಚಿ ಎಳೆದ ಸದ್ದು. ಬೆಂಚು ಎಳೆದ ಸದ್ದು. ಯಾರೋ ಕೆಮ್ಮಿದರು, ಯಾರೋ ನಕ್ಕರು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ನಮ್ಮ ನಡುಮನೆ ತುಂಬಿ ತುಳುಕುತ್ತಿತ್ತು! ಒಲೆಯ ಪಕ್ಕದ ಬೆಂಚಿನಲ್ಲಿ ಇಗ್ನಾಜ್ ಅಜ್ಜ. ಊರಿನ ಯಾವ ಪಾಳಿಯನ್ನೂ ತಪ್ಪಿಸದ ಹಳೆಯ ಗಿರಾಕಿ. ಕಿಟಕಿಯ ಹತ್ತಿರ ಚರ್ಚಿನ ಹಾಡುಗಾರರ ಇಡೀ ತಂಡ. ಆಫ್ರಾಳ ಹೊಸ ಸೋಫಾದ ಮೇಲೆ ರೈಲಿನಿಂದ ಇಳಿದ ಸೈಕಲ್ ಸವಾರರು, ಬೆವರು ಸಮೇತ. ರೈಲ್ವೆ ನಿಲ್ದಾಣದಿಂದ ಬರುವ ದಾರಿಯಲ್ಲಿ ಮೊದಲು ಸಿಗುವುದೇ ನಮ್ಮ ಮನೆ!

"ಎಲ್ಲಿ ಹೋಗಿದ್ಯೋ ವೆಂಡೆಲಿನ್? ಗಂಟಲು ಒಣಗಿ ಹೋಯ್ತು," ಎಂದ ಅಜ್ಜ.

"ಅಜ್ಜ, ಇವತ್ತು ಸೆಬಾಲ್ಡನ ಪಾಳಿ!"

"ಅದೆಲ್ಲ ನಂಗೊತ್ತಿಲ್ಲಪ್ಪ. ನಕ್ಷತ್ರ ಇಲ್ಲಿದೆ, ನಾನು ಇಲ್ಲಿದೀನಿ."

ನಾನು ಹೊರಗೆ ಓಡಿ ಏಣಿ ಹತ್ತಿದೆ. ಕೈ ನಕ್ಷತ್ರ ಮುಟ್ಟಿತ್ತು, ಒಳಗೆ ಗದ್ದಲ ತಟ್ಟನೆ ನಿಂತಿತು. ಕಿಟಕಿಗಳ ತುಂಬ ಮುಖಗಳು.

"ಜನ ಕೂತಿದೀವಿ, ವೆಂಡೆಲಿನ್," ಎಂದ ಅಜ್ಜ ಮೆಲ್ಲಗೆ. "ಯೋಚನೆ ಮಾಡು. ನಿನ್ನ ಮೊಮ್ಮಕ್ಕಳಿಗೂ ಮದುವೆ ಆಗಬೇಕು."

ಏಣಿ ಇಳಿದೆ. ಇಳಿಯುವಾಗಲೇ ತಲೆಯಲ್ಲಿ ಮಿಂಚು ಹೊಡೆಯಿತು. ಇಷ್ಟು ಜನ! ಇವರಲ್ಲಿ ಒಬ್ಬನೇ ಒಬ್ಬ 'ಇನ್ನೂ ಸ್ವಲ್ಪ' ಅನ್ನಲಾರನೇ? ಇದು ಅನಾಹುತವಲ್ಲ, ಅವಕಾಶ! ನನ್ನ ಹುಳಿ ಬಿಯರನ್ನು ಜಗ್ಗಿನಲ್ಲಿ ತುಂಬಿ ತಂದು ಧಾರಾಳವಾಗಿ ಸುರಿದೆ.

ಅಜ್ಜ ಒಂದು ಗುಟುಕು ಹಾಕಿ, ಹಲ್ಲಿನ ಸೆಟ್ಟು ತೆಗೆದು ಪರೀಕ್ಷಿಸಿ, ಮತ್ತೆ ಹಾಕಿಕೊಂಡ. "ಪೀಪಾಯಿಯ ಕೊಳವೆ ತೊಳೆದಿಲ್ಲ ಅನ್ಸುತ್ತೆ ಕಣಪ್ಪ."

"ಅಜ್ಜ, ಅದು ಹಾಗೇ ಇರಬೇಕು! ಬೆಲ್ಜಿಯಮ್ಮಿನಲ್ಲಿ..."

"ಅಲ್ಲೂ ತೊಳೆಯಲ್ವಾ?"

ಸೈಕಲ್ಲಿನ ಹೆಂಗಸೊಬ್ಬಳು ಲೋಟವನ್ನು ನನ್ನ ಕೈಗೆ ವಾಪಸ್ಸಿಟ್ಟು, ಕುಡಿಯುವುದು ಯಾವಾಗ ಬರುತ್ತದೆ ಎಂದು ವಿನಯದಿಂದ ವಿಚಾರಿಸಿದಳು. ಆ ಹೊತ್ತಿಗೇ ಆಫ್ರಾ ಬೇಕರಿಯಿಂದ ಬಂದಳು. ಬಾಗಿಲಲ್ಲೇ ನಿಂತಳು. ಅವಳ ನೋಟ ಮೊದಲು ಸೋಫಾಕ್ಕೆ ಹೋಯಿತು, ಆಮೇಲೆ ನನ್ನ ಕಡೆ ತಿರುಗಿತು.

"ಯಾರು ಹಾಕಿದ್ದು ನಕ್ಷತ್ರ?"

"ಒಂದು ಫೋಟೋಗೆ ಅಂತ..."

"ಫೋಟೋಗೆ! ಅಮ್ಮ ಬಂದ್ರೆ ನಿನ್ನ ಫೋಟೋನೇ ನೇತುಹಾಕ್ತಾಳೆ, ಹಾರ ಸಮೇತ!"

ಅವಳ ಹಿಂದೆಯೇ ಸೆಬಾಲ್ಡ್ ನುಗ್ಗಿದ. ಏಪ್ರನ್ ಕಟ್ಟಿಕೊಂಡೇ ಬಂದಿದ್ದ, ಮುಖ ಕೆಂಡ. "ಪಾಳಿ ಕಳ್ಳ! ನನ್ನ ಮನೇಲಿ ನಾನು, ನನ್ನ ಹೆಂಡತಿ, ನಾಯಿ, ಮೂವರೇ ಕೂತಿದೀವಿ! ಕಡಿದಿಟ್ಟ ಮಾಂಸ ಒಣಗ್ತಾ ಇದೆ!"

"ನಾನೇನು ಕರೆದಿಲ್ಲ, ಅವರೇ ಬಂದರು!" ಎಂದೆ. ಸೋಲೊಪ್ಪುವ ಜಾಯಮಾನ ನನ್ನದಲ್ಲ. "ಒಳ್ಳೆ ಬಿಯರ್ ಇದ್ದಲ್ಲಿ ಜನ ಬರ್ತಾರೆ!"

ನಡುಮನೆಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಆಫ್ರಾ ಇಬ್ಬರ ನಡುವೆ ಕೈ ಅಡ್ಡ ಇಟ್ಟಳು. "ಸೆಬಾಲ್ಡ್, ನಿನ್ನ ಬಿಯರ್ ಇಲ್ಲಿಗೆ ತಾ. ಮಾಂಸನೂ ತಾ. ದುಡ್ಡು ನಿಂದು, ಜಾಗ ನಮ್ದು. ಮೊದಲು ಜನರ ಹೊಟ್ಟೆ ತುಂಬಲಿ, ಜಗಳ ಸೋಮವಾರ ಆಡೋಣ. ಹೊರೋದಕ್ಕೆ ಇವನಿದಾನೆ."

ಹೊತ್ತೆ. ಸೆಬಾಲ್ಡನ ಪೀಪಾಯಿಗಳನ್ನು ಚರ್ಚಿನ ಹಿಂದಿನಿಂದ ನಮ್ಮ ನಡುಮನೆಗೆ ನಾನೇ ಉರುಳಿಸಿದೆ, ನನ್ನ ಡ್ರೈವಿಂಗ್ ವಿದ್ಯಾರ್ಥಿಗಳು ರಸ್ತೆ ಬದಿ ನಿಂತು ನೋಡುತ್ತಿರುವಂತೆಯೇ. ವೈರಿಯ ಬಿಯರನ್ನು ನನ್ನ ಕೈಯಾರೆ ಹಂಚಿದೆ. ಎಲ್ಲರೂ ಇನ್ನೊಂದು, ಇನ್ನೊಂದು ಎಂದು ಕೇಳಿದರು. ರುಚಿ ಸಂಘದವರೂ ಕೇಳಿದರು! ಡಾಕ್ಟರ್ ಹಾರ್ಟ್‌ವಿಗ್ ಅಂತೂ ಮೂಸದೆ, ತಿರುಗಿಸದೆ, ಗಟಗಟ ಇಳಿಸಿ ತೋಳಿನಿಂದ ಮೀಸೆ ಒರೆಸಿಕೊಂಡರು. ಇದಕ್ಕಿಂತ ದ್ರೋಹ ಉಂಟೇ?

ಅತ್ತೆ ಸಂಜೆಯ ಬಸ್ಸಿಗೆ ಬಂದಿಳಿದರು. ಯಾರೋ ಫೋನ್ ಮಾಡಿ, "ನಿಮ್ಮ ನಕ್ಷತ್ರ ಹೊರಗಿದೆ, ನೀನ್ಯಾಕೆ ಅಲ್ಲಿದೀಯ?" ಎಂದಿದ್ದರಂತೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ. ಕೋಟು ಬಿಚ್ಚಿ ನನ್ನ ಕೈಗೆ ಎಸೆದು, ನೇರ ಅಡುಗೆಮನೆಗೆ ಹೋದರು. ಬೈದಿದ್ದರೇ ವಾಸಿಯಿತ್ತು.

ಅಡುಗೆಮನೆಯಲ್ಲಿ ಆಫ್ರಾ ಬೇಯಿಸಿದ ಆಲೂಗಡ್ಡೆ ಹೆಚ್ಚುತ್ತಿದ್ದಳು. ನಮ್ಮಲ್ಲಿ ಆಲೂಗಡ್ಡೆ ಸಲಾಡಿಗಾಗಲಿ, ತಣ್ಣನೆ ಹಂದಿಮಾಂಸದ ಹೋಳಿಗಾಗಲಿ ಈರುಳ್ಳಿ ಹಾಕಿ ವಿನೆಗರ್ ಸುರಿಯದೆ ಯಾರೂ ಬಾಯಿಗಿಡುವುದಿಲ್ಲ.

"ಅಮ್ಮ, ವಿನೆಗರ್ ಪೂರಾ ಖಾಲಿ. ಅಂಗಡಿನೂ ಮುಚ್ಚಿದೆ. ಏನ್ ಮಾಡೋದು?"

ಅತ್ತೆ ಜಗ್ಗು ಹಿಡಿದು ನೆಲಮಾಳಿಗೆಗೆ ಇಳಿದರು. ಇನ್ನಷ್ಟು ಆಲೂಗಡ್ಡೆ ತರಲು ಹೋದರು ಎಂದುಕೊಂಡೆ. ಜಗ್ಗಿನಲ್ಲಿ ಆಲೂಗಡ್ಡೆ ಯಾರು ತರುತ್ತಾರೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಸಲಾಡ್ ಹೋಯಿತು. ಮಾಂಸ ಹೋಯಿತು. ನಡುಮನೆಯಲ್ಲಿ ಮಾತು ನಿಂತು, ಬರೀ ಫೋರ್ಕುಗಳ ಸದ್ದು. ಇಗ್ನಾಜ್ ಅಜ್ಜ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ಹೊಳೆಯುವಂತೆ ಮಾಡಿದ. ಆಗ ಡಾಕ್ಟರ್ ಹಾರ್ಟ್‌ವಿಗ್ ಎದ್ದು, ಖಾಲಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಎರಡೂ ಕಣ್ಣು ಅಗಲವಾಗಿ ತೆರೆದಿದ್ದವು.

"ಅಮ್ಮಾ, ಇನ್ನೂ ಸ್ವಲ್ಪ ಹಾಕಿ! ಸಲಾಡ್ ಅಲ್ಲ, ಆ ವಿನೆಗರ್. ಓಕ್ ಮರ, ಹುಳಿ ಚೆರ್ರಿ... ಎಂಥಾ ಆಳ! ನನ್ನ ಜನ್ಮದಲ್ಲಿ ಇಂಥ ವಿನೆಗರ್ ತಿಂದಿಲ್ಲ. ಎಲ್ಲಿ ಸಿಗುತ್ತೆ ಇದು?"

ಅತ್ತೆ ನನ್ನ ಕಡೆ ತಿರುಗಿದರು. ಅವರು ನಗುವುದನ್ನು ನಾನು ನೋಡಿದ್ದು ನಮ್ಮ ಮದುವೆಯ ದಿನ, ನಾನು ಕೆಸರಿನಲ್ಲಿ ಜಾರಿ ಬಿದ್ದಾಗ. ಆಮೇಲೆ ಈಗ.

"ಕೇಳಿದ್ಯಾ? ತಾನಾಗೇ ಕೇಳಿದ್ರು. ನಾನು ಮಾತು ತಪ್ಪೋಳಲ್ಲ. ಪೀಪಾಯಿ ಉಳೀತು. ಭಾನುವಾರ ನಿಂದು."

"ಅದು ಬಿಯರ್!" ಎಂದು ನಾನು ಕಿರುಚಿದೆ. "ಡಾಕ್ಟ್ರೇ, ಮಧ್ಯಾಹ್ನ ನೀವೇ ಕಣ್ಣು ಮುಚ್ಚಿಕೊಂಡು ಕುಡಿದ್ರಲ್ಲ, ಅದೇ ಇದು!"

"ಛೆ, ಛೆ," ಎಂದು ಡಾಕ್ಟರು ಸಹಾನುಭೂತಿಯಿಂದ ನನ್ನ ಭುಜ ತಟ್ಟಿದರು. "ಇದು ಎಲ್ಲಿ, ಅದು ಎಲ್ಲಿ!"

ಮೊನ್ನೆ ನಮ್ಮ ಪಾಳಿ ಬಂತು. ಅತ್ತೆ ತಾವೇ ನಕ್ಷತ್ರ ನೇತುಹಾಕಿ, ಏಣಿಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡರು. ಕೊಟ್ಟ ಮಾತಿನಂತೆ ಭಾನುವಾರ ನನಗೆ ಸಿಕ್ಕಿತು. ನನ್ನ ಪೀಪಾಯಿಗೆ ಅಡುಗೆಮನೆಯಲ್ಲಿ, ಎಣ್ಣೆ ಬಾಟಲಿಯ ಪಕ್ಕ, ಗೌರವದ ಸ್ಥಾನ. ಸೆಬಾಲ್ಡ್ ಸಹ ಬಂದು ಮೂರು ತಟ್ಟೆ ತಿಂದ. ನಾನು ಏಪ್ರನ್ ಕಟ್ಟಿಕೊಂಡು, ಕಣ್ಣೀರು ಸುರಿಸುತ್ತಾ ಈರುಳ್ಳಿ ಹೆಚ್ಚುತ್ತಿದ್ದರೂ, ತಲೆ ಮಾತ್ರ ತಗ್ಗಿಸಲಿಲ್ಲ. ತಟ್ಟೆ ಹಿಡಿದು ಬಂದ ಒಬ್ಬೊಬ್ಬರಿಗೂ, ಇದು ಬಿಯರ್, ಬೆಲ್ಜಿಯಮ್ ಮಾದರಿಯ ಬಿಯರ್ ಎಂದು ಹೇಳಿಯೇ ಬಡಿಸಿದೆ.

ಕೊನೆಗೆ ಇಗ್ನಾಜ್ ಅಜ್ಜ ಬಂದ. ಅವನಿಗೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ, ತಲೆದೂಗಿದ.

"ಆಯ್ತಪ್ಪ, ಬಿಯರ್. ನಾನೆಲ್ಲಿ ಬೇಡ ಅಂದೆ?" ಎಂದು ತಟ್ಟೆ ಮುಂದೆ ಚಾಚಿದ. "ಆ ಬಿಯರ್ನೇ ಇನ್ನೂ ಸ್ವಲ್ಪ ಈರುಳ್ಳಿ ಮೇಲೆ ಹಾಕು. ಕುಡಿಯೋದಕ್ಕೆ ಸೆಬಾಲ್ಡನದೇನಾದ್ರೂ ಉಳಿದಿದ್ಯಾ?"